ಸ್ಪಿನ್ನರ್ ರಾಯರು

ಏಕಾದಶಿಯಂದು ಈರುಳ್ಳಿಯೂ ಒಳಗೆ ಬಾರದ ಮನೆ ರಾಯರದು. ಆದರೆ ಭಾನುವಾರ ಬೆಳಿಗ್ಗೆ ಐದಕ್ಕೇ ಅವರು ಮೀನು ಹಿಡಿಯಲು ಹೊರಡುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ಇಂಥವರು ಬ್ಲಾಕಿಗೊಬ್ಬರಾದರೂ ಸಿಗುತ್ತಾರೆ. ಗಾಳದ ಪೆಟ್ಟಿಗೆಗೆ ಬಾಲ್ಕನಿ ದಾಟುವ ಹಕ್ಕಿಲ್ಲ. "ರೀ, ಅದನ್ನ ಮುಟ್ಟಿದ ಕೈಯಲ್ಲಿ ಫ್ರಿಜ್ ಮುಟ್ಟಬೇಡಿ" ಎಂಬುದು ಮನೆಯೊಡತಿಯ ಶಾಸನ.

ಎರೆಹುಳು ಕಂಡರೆ ರಾಯರಿಗೆ ಹೇಸಿಗೆ. ಸ್ಪಿನ್ನರ್ ಎಂಬ ಹುಸಿ ಎರೆಗಾದರೆ ಜೀವವಿಲ್ಲ, ವಾಸನೆಯಿಲ್ಲ, ಮೈಲಿಗೆಯೂ ಇಲ್ಲ. ಒಂದು ಗೇಣಿಗೂ ಚಿಕ್ಕದಾದ ತಂತಿ, ಅದರ ಸುತ್ತ ತಿರುಗುವ ಹೊಳೆಯುವ ತಗಡು, ತುದಿಯಲ್ಲಿ ಮೂರು ಮುಳ್ಳಿನ ಗಾಳ, ಇಷ್ಟೇ. ರೀಲ್ ಸುತ್ತಿದರೆ ತಗಡು ಗಿರಗಿರ ತಿರುಗಿ ನೀರನ್ನು ನಡುಗಿಸುತ್ತದೆ. ಮೀನಿನ ಪಕ್ಕೆಯ ಉದ್ದಕ್ಕೂ ಈ ನಡುಕ ತಿಳಿಯುವ ಒಂದು ಗೆರೆಯುಂಟು. ಮರಿಮೀನು ಓಡುತ್ತಿದೆಯೆಂದು ಕೊರವ ಮೀನು ಮೇಲೆ ಬೀಳುತ್ತದೆ. ಇದೆಲ್ಲ ನನಗೆ ಲಿಫ್ಟಿನಲ್ಲಿ ಆದ ಜ್ಞಾನೋದಯ. ಕದಡಿದ ನೀರಿಗೆ ಗುಂಡು ತಗಡು, ತಿಳಿನೀರಿಗೆ ಎಲೆಯಂಥ ಉದ್ದ ತಗಡು ಎಂದು ಶುರುಮಾಡಿದರೆ, ನಮ್ಮ ಫ್ಲೋರ್ ಬಂದರೂ ಬಾಗಿಲಿಗೆ ಕಾಲು ಕೊಟ್ಟು, 1938ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ, ಸ್ಪಿನ್ನರ್ ಮಾಡುವ ಮೆಪ್ಸ್ ಕಂಪನಿಯ ಪುರಾಣ ಮುಗಿಸಿಯೇ ಬಿಡುತ್ತಾರೆ.

ಮದ್ದೂರಿನಾಚೆಯ ಕೆರೆಯಲ್ಲಿ ಸ್ಪಿನ್ನರಿಗೆ ಮೊದಲು ಬೀಳುವುದು ಜೊಂಡು, ಆಮೇಲೆ ಅಂತರಗಂಗೆ. ಸ್ವಿವೆಲ್ ಹಾಕಲು ಮರೆತ ದಿನ ದಾರಕ್ಕೆ ಹುರಿ ಬಿದ್ದು ಗೋಜಲಾಗುತ್ತದೆ. ಅದನ್ನು ಬಿಡಿಸುವಾಗಲೇ ಬಾಸ್ ಫೋನು. "ಹೌದು ಸರ್, ಲೈನ್ ಪ್ರಾಬ್ಲಮ್ಮು" ಎನ್ನುತ್ತಾರೆ ರಾಯರು. ಸುಳ್ಳು ಹೇಳುವವರಲ್ಲ.

ಅಪರೂಪಕ್ಕೆ ಕೊರವ ಸಿಕ್ಕಿತೆನ್ನಿ. ಬರಿಗೈಯಲ್ಲಿ ಮುಟ್ಟಲಾರರು, ಫೋಟೊ ಬಿಡಲಾರರು. ಒದ್ದೆ ಟವೆಲಿನಲ್ಲಿ ಹಿಡಿದು, ಮೀನು ದೊಡ್ಡದಾಗಿ ಕಾಣಲೆಂದು ಕ್ಯಾಮೆರಾದತ್ತ ತೋಳು ಚಾಚಿ, ಇಕ್ಕಳದಿಂದ ಗಾಳ ಕಿತ್ತು ನೀರಿಗೆ ಬಿಡುತ್ತಾರೆ.

ದಡದಲ್ಲಿ ಎಮ್ಮೆ ಮೇಯಿಸುವ ಗೌಡರಿಗೆ ಹೊಟ್ಟೆ ಉರಿಯುತ್ತದೆ. "ತಿನ್ನಾಕಿಲ್ಲ ಅಂದ್ಮೇಲೆ ಯಾಕ್ ಬುದ್ಧಿ ಅದ್ರ ಬಾಯಿ ಹರೀತೀರಿ?"

"ಇದು ಕ್ಯಾಚ್ ಅಂಡ್ ರಿಲೀಸ್, ಗೌಡ್ರೇ."

"ನಮ್ ಚೀಲಕ್ಕೇ ರಿಲೀಸ್ ಮಾಡಿ ಬುದ್ಧಿ."

ನನ್ನ ಓಟು ಗೌಡರಿಗೆ. ಆದರೂ ರಾಯರ ಪರವಾಗಿ ಒಂದು ಮಾತು: ಮಳೆಗಾಲದಲ್ಲಿ ಕೆಂಪು ಮರಿಗಳ ಹಿಂಡನ್ನು ಕೊರವ ಕಾಯುತ್ತಿರುತ್ತದೆ, ಹತ್ತಿರ ಏನು ಬಂದರೂ ಸಿಟ್ಟಿಗೆ ಕಚ್ಚುತ್ತದೆ. ಅಂಥ ಸುಲಭದ ಬೇಟೆಗೆ ರಾಯರು ಗಾಳ ಎಸೆಯುವುದಿಲ್ಲ.

ಮುಂದಿನ ಭಾನುವಾರ ನಿಮ್ಮನ್ನೂ ಕರೆದಾರು. ಧಾರಾಳವಾಗಿ ಹೋಗಿ, ಮದ್ದೂರು ವಡೆ ಅವರದೇ ಖರ್ಚು. ಅವರು ರಾಡ್ ಬೀಸುವಾಗ ಮಾತ್ರ ಹಿಂದೆ ನಿಲ್ಲಬೇಡಿ.