ಕಲ್ಲು ತುಂಬಿದ ಬಕೆಟ್ಟು, ಬೀಗವಿಲ್ಲದ ಬೀರು

ಅಮೆರಿಕ ಸಂಯುಕ್ತ ಸಂಸ್ಥಾನದ ಮಾನ್ಯ ಶಾಸಕ ಮಹಾಶಯರೇ,

ಶಾಲಾ ಮಕ್ಕಳ ರಕ್ಷಣೆಗಾಗಿ ತಾವು ಪಡುತ್ತಿರುವ ಪಾಡನ್ನು ದೂರದ ಕರ್ನಾಟಕದಿಂದ ನೋಡಿ, ಮೂಗಿನ ಮೇಲೆ ಬೆರಳಿಟ್ಟುಕೊಂಡು ಈ ಪತ್ರ ಬರೆಯುತ್ತಿದ್ದೇನೆ. ಇವರಿಗೇಕೆ ಈ ಉಸಾಬರಿ ಎನ್ನಬೇಡಿ. ನ್ಯೂಜೆರ್ಸಿಯಿಂದ ಕ್ಯಾಲಿಫೋರ್ನಿಯಾದವರೆಗೆ ನಿಮ್ಮ ತರಗತಿಗಳಲ್ಲಿ ಕನ್ನಡದ ಮನೆಗಳ ಮಕ್ಕಳೂ ಕೂತಿದ್ದಾರೆ. ದೀಪ ಆರಿಸಿ, ಬಾಗಿಲು ಹಾಕಿಕೊಂಡು, ಮೂಲೆಯಲ್ಲಿ ಸದ್ದಿಲ್ಲದೆ ಕೂರುವ ‘ಲಾಕ್‌ಡೌನ್ ಡ್ರಿಲ್’ ಅವರಿಗೆ ಮಗ್ಗಿಯಷ್ಟೇ ಬಾಯಿಪಾಠ. ಹಾಗಾಗಿ ತಮ್ಮ ಸಾಧನೆಗಳ ಬಗ್ಗೆ ನಾಲ್ಕು ಮಾತಾಡುವ ಹಕ್ಕು ನಮಗೂ ಚೂರು ಇದೆ ಎಂದುಕೊಂಡಿದ್ದೇನೆ.

ಮೊದಲು ಅಭಿನಂದನೆ. ಪೆನ್ಸಿಲ್ವೇನಿಯಾದ ಬ್ಲೂ ಮೌಂಟನ್ ಶಾಲಾ ಜಿಲ್ಲೆಯವರು ಪ್ರತಿ ತರಗತಿಯಲ್ಲೂ ಒಂದು ಬಕೆಟ್ ಹೊಳೆಗಲ್ಲು ಇಟ್ಟಿರುವುದಾಗಿ 2018ರಲ್ಲಿ ಶಾಸಕರ ಸಮಿತಿಯ ಮುಂದೆ ತಿಳಿಸಿದರು. ಬಂದೂಕು ಹಿಡಿದವನು ಒಳಗೆ ನುಗ್ಗಿದರೆ ಮಕ್ಕಳು ಅವನ ಮೇಲೆ ಕಲ್ಲು ಬೀರಬೇಕಂತೆ. ಅದೇ ವರ್ಷ ಅದೇ ರಾಜ್ಯದ ಮಿಲ್‌ಕ್ರೀಕ್ ಜಿಲ್ಲೆಯವರು ತಾವೇನು ಕಮ್ಮಿ ಎಂದು ಸುಮಾರು 500 ಶಿಕ್ಷಕರಿಗೆ 16 ಅಂಗುಲದ ಪುಟ್ಟ ಬೇಸ್‌ಬಾಲ್ ಬ್ಯಾಟು ಹಂಚಿದರು. 17 ಜನ ಗುಂಡಿಗೆ ಬಲಿಯಾದ ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ, ಒಳಗಿರುವುದೆಲ್ಲ ಹೊರಗೆ ಕಾಣುವ ಪ್ಲಾಸ್ಟಿಕ್ ಬ್ಯಾಗು ಕಡ್ಡಾಯವಾಯಿತು. ಶಿಕ್ಷಣ ಸಚಿವೆಯಾಗಲಿದ್ದ ಬೆಟ್ಸಿ ಡಿವೋಸ್ ಅವರಂತೂ 2017ರ ಜನವರಿಯಲ್ಲಿ ಸೆನೆಟ್ ಸಮಿತಿಯ ಮುಂದೆ ಕೂತು, ವಯೋಮಿಂಗ್‌ನ ಒಂದು ಶಾಲೆಯಲ್ಲಿ ಗ್ರಿಜ್ಲಿ ಕರಡಿಗಳನ್ನು ಎದುರಿಸಲು ಬಂದೂಕು ಇದ್ದೀತು ಎಂದು ಊಹಿಸಿದರು. ನಿಮ್ಮ ದೇಶದ ಶಾಲೆಗಳಲ್ಲಿ ಇಷ್ಟು ವರ್ಷ ಗುಂಡು ಹಾರಿಸಿದವರ ಪೈಕಿ ಒಂದು ಕರಡಿಯೂ ಇಲ್ಲ ಎಂಬುದನ್ನು ಆ ಪ್ರಾಣಿಯ ಮಾನ ಕಾಯಲು ಇಲ್ಲಿ ದಾಖಲಿಸುತ್ತೇನೆ.

ಶಿಕ್ಷಕರ ಕೈಗೇ ಬಂದೂಕು ಕೊಡುವ ಯೋಜನೆಗೆ ಮಾತ್ರ ಸಾಷ್ಟಾಂಗ ನಮಸ್ಕಾರ ಸಲ್ಲಬೇಕು. ಓಹಾಯೋದಲ್ಲಿ ಶಾಲೆಯೊಳಗೆ ಬಂದೂಕು ಇಟ್ಟುಕೊಳ್ಳುವ ಸಿಬ್ಬಂದಿಗೆ ಮೊದಲು 700 ಗಂಟೆಗೂ ಮೀರಿದ ತರಬೇತಿ ಬೇಕಿತ್ತು. 2022ರ ಕಾನೂನು ಅದನ್ನು ಹೆಚ್ಚೆಂದರೆ 24 ಗಂಟೆಗೆ ಇಳಿಸಿತು. ನಮ್ಮಲ್ಲಿ ಸಮಾಜಶಾಸ್ತ್ರ ಪಾಠ ಮಾಡಲು ಎರಡು ವರ್ಷದ ಬಿ.ಎಡ್. ಬೇಕು, ನಿಮ್ಮಲ್ಲಿ ಮೂವತ್ತು ಮಕ್ಕಳ ನಡುವೆ ಗುರಿ ತಪ್ಪದೆ ಗುಂಡು ಹೊಡೆಯಲು ಒಂದೇ ಒಂದು ದಿನದಷ್ಟು ಗಂಟೆ ಸಾಕು. ಟೆನೆಸ್ಸಿ 2024ರಲ್ಲಿ ಇದಕ್ಕೊಂದು ಗುಟ್ಟನ್ನೂ ಸೇರಿಸಿತು: ಯಾವ ಮೇಷ್ಟ್ರ ಜೇಬಿನಲ್ಲಿ ಪಿಸ್ತೂಲಿದೆ ಎಂಬುದು ಮಕ್ಕಳ ತಂದೆತಾಯಿಗೆ ಗೊತ್ತಾಗುವಂತಿಲ್ಲ. ಕ್ಯಾಲಿಫೋರ್ನಿಯಾದ ಸೀಸೈಡ್‌ನಲ್ಲಿ 2018ರ ಮಾರ್ಚ್‌ನಲ್ಲಿ ಬಂದೂಕಿನ ಸುರಕ್ಷತೆಯನ್ನೇ ಪಾಠ ಮಾಡುತ್ತಿದ್ದ ಶಿಕ್ಷಕರೊಬ್ಬರ ಕೈಯಲ್ಲಿ ಗುಂಡು ಹಾರಿ ಛಾವಣಿಗೆ ಬಡಿಯಿತು, ವಿದ್ಯಾರ್ಥಿಗೆ ಗಾಯವಾಯಿತು. ಆ ಶಿಕ್ಷಕರು ಪೊಲೀಸ್ ತರಬೇತಿ ಇದ್ದವರು. ಒಳ್ಳೆಯವನ ಕೈಯ ಬಂದೂಕೇ ಕೆಟ್ಟವನನ್ನು ತಡೆಯುತ್ತದೆ ಎಂಬುದು ಶಿಕ್ಷಕರಿಗೆ ಬಂದೂಕು ಕೊಡುವುದರ ಹಿಂದಿನ ಸಿದ್ಧಾಂತ. ಆ ಲೆಕ್ಕದಲ್ಲಿ 2022ರ ಮೇ 24ರಂದು ಟೆಕ್ಸಸ್‌ನ ಯುವಾಲ್ಡಿಯಷ್ಟು ಸುರಕ್ಷಿತ ಶಾಲೆ ಭೂಮಿಯ ಮೇಲೆ ಇನ್ನೊಂದು ಇರಲಿಲ್ಲ: 376 ಮಂದಿ ಶಸ್ತ್ರಧಾರಿ ಅಧಿಕಾರಿಗಳು ಅಲ್ಲಿಗೆ ಬಂದಿದ್ದರು. ಶಾಲೆಗೆ ನುಗ್ಗಿದ ಹಂತಕನನ್ನು ಮುಗಿಸಲು 77 ನಿಮಿಷ ಹಿಡಿಯಿತು. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಹೋದರು. 1999ರಲ್ಲಿ ಗುಂಡಿನ ದಾಳಿ ನಡೆದ ಕೊಲಂಬೈನ್ ಶಾಲೆಯಲ್ಲೂ, 2018ರ ಪಾರ್ಕ್‌ಲ್ಯಾಂಡ್‌ನಲ್ಲೂ ಬಂದೂಕುಧಾರಿ ಕಾವಲುಗಾರ ಇದ್ದೇ ಇದ್ದ.

ಹೀಗೆ ತಾವು ಶಾಲೆಯ ಗೇಟು ನೋಡಿದಿರಿ, ಮಕ್ಕಳ ಬ್ಯಾಗು ನೋಡಿದಿರಿ, ಮೇಷ್ಟ್ರ ಸೊಂಟ ನೋಡಿದಿರಿ, ಕಾಡಿನ ಕರಡಿಯನ್ನೂ ಬಿಡಲಿಲ್ಲ. ನೋಡದೆ ಬಿಟ್ಟದ್ದು ಒಂದೇ ಜಾಗ. ಬಂದೂಕು ಶಾಲೆಯಲ್ಲಿ ಬೆಳೆಯುವುದಿಲ್ಲ, ಎಲ್ಲಿಂದಲೋ ಬರುತ್ತದೆ. ಎಲ್ಲಿಂದ ಎಂಬುದನ್ನು ನಿಮ್ಮ ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್ಸೇ ಪತ್ತೆ ಮಾಡಿ ಬರೆದಿಟ್ಟಿದೆ. 2008ರಿಂದ 2017ರವರೆಗಿನ ಶಾಲಾ ದಾಳಿಗಳನ್ನು ಪರಿಶೀಲಿಸಿದ ಅದರ 2019ರ ವರದಿಯ ಪ್ರಕಾರ, ಬಂದೂಕು ಬಳಸಿದ ದಾಳಿಗಳಲ್ಲಿ ನಾಲ್ಕರಲ್ಲಿ ಮೂರರಷ್ಟು ಕಡೆ ಆ ಬಂದೂಕು ಬಂದದ್ದು ಹುಡುಗನ ಹೆತ್ತವರ ಅಥವಾ ಹತ್ತಿರದ ನೆಂಟರ ಮನೆಯಿಂದ. 2004ರ ಹಳೆಯ ವರದಿಯೂ ಮೂರರಲ್ಲಿ ಎರಡು ಪಾಲು ಎಂದು ಇದನ್ನೇ ಹೇಳಿತ್ತು. ಅರ್ಕನ್ಸಾದ ಜೋನ್ಸ್‌ಬೊರೊದಲ್ಲಿ 1998ರಲ್ಲಿ 13 ಮತ್ತು 11 ವರ್ಷದ ಇಬ್ಬರು ಹುಡುಗರು ನಾಲ್ವರು ವಿದ್ಯಾರ್ಥಿನಿಯರನ್ನೂ ಒಬ್ಬ ಶಿಕ್ಷಕಿಯನ್ನೂ ಕೊಂದರು. ಅದಕ್ಕೆ ಮುಂಚೆ ಅವರು ಒಬ್ಬನ ತಂದೆಯ ಉಕ್ಕಿನ ತಿಜೋರಿ ಒಡೆಯಲು ಹೋಗಿ ಸೋತಿದ್ದರು. ತಿಜೋರಿ ತನ್ನ ಕೆಲಸ ಮಾಡಿತ್ತು. ಹುಡುಗರು ಹೊರಗಿದ್ದ ಪಿಸ್ತೂಲುಗಳನ್ನು ಎತ್ತಿಕೊಂಡು, ರೈಫಲ್‌ಗಾಗಿ ಅಜ್ಜನ ಮನೆಗೆ ಹೋದರು. 2023ರ ಜನವರಿಯಲ್ಲಿ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ಶಿಕ್ಷಕಿಗೆ ಗುಂಡು ಹೊಡೆದವನಿಗೆ ಆರು ವರ್ಷ. ಆಯುಧ ಅವನ ತಾಯಿಯದು. ಅವತ್ತು ಶಾಲೆಯವರು ಅವನ ಬ್ಯಾಗು ತಡಕಿದ್ದರು, ಏನೂ ಸಿಕ್ಕಿರಲಿಲ್ಲ. ಬೀರುವಿನಲ್ಲಿ ಒಂದು ಬೀಗ ಮಾಡಬಹುದಾದ ಕೆಲಸವನ್ನು ಶಾಲೆಯಲ್ಲಿ ಹತ್ತು ಜನ ಸೇರಿದರೂ ಮಾಡಲಾಗದು. ಆದರೂ ಸುಮಾರು 46 ಲಕ್ಷ ಅಮೆರಿಕನ್ ಮಕ್ಕಳು ಗುಂಡು ತುಂಬಿದ, ಬೀಗ ಹಾಕದ ಬಂದೂಕಿರುವ ಮನೆಗಳಲ್ಲಿದ್ದಾರೆ ಎಂಬುದು 2015ರ ರಾಷ್ಟ್ರೀಯ ಸಮೀಕ್ಷೆಯೊಂದರ ಅಂದಾಜು.

ತಮ್ಮ ಆಕ್ಷೇಪಗಳು ನನಗೆ ಗೊತ್ತಿಲ್ಲದೆ ಇಲ್ಲ. ರಾತ್ರಿ ಕಳ್ಳ ಬಂದರೆ ಬೀಗದ ಕೈ ಹುಡುಕುತ್ತ ಕೂರುವುದೇ ಎನ್ನುತ್ತೀರಿ. ಬೆರಳಿಟ್ಟರೆ ಕ್ಷಣದಲ್ಲಿ ತೆರೆಯುವ ಪೆಟ್ಟಿಗೆಗಳು ನಿಮ್ಮ ಅಂಗಡಿಗಳಲ್ಲೇ ಮಾರಾಟಕ್ಕಿವೆ. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶಕ್ಕೆ ಕತ್ತಲಲ್ಲಿ ಹೆಬ್ಬೆರಳು ಎಲ್ಲಿದೆಯೆಂದು ತಿಳಿಯುವುದು ಅಷ್ಟು ಕಷ್ಟವಾಗಲಾರದು. ಇನ್ನು ಸಂವಿಧಾನ. ಮನೆಯೊಳಗಿನ ಬಂದೂಕಿಗೆ ಸದಾ ಬೀಗವಿರಬೇಕೆಂಬ ವಾಷಿಂಗ್ಟನ್ ನಗರದ ನಿಯಮವನ್ನು ನಿಮ್ಮ ಸುಪ್ರೀಂ ಕೋರ್ಟು 2008ರ ಹೆಲ್ಲರ್ ಪ್ರಕರಣದಲ್ಲಿ ರದ್ದು ಮಾಡಿದ್ದು ನಿಜ. ಅದೇ ತೀರ್ಪು, ಅಪಘಾತ ತಪ್ಪಿಸಲು ಬಂದೂಕನ್ನು ಭದ್ರವಾಗಿಡಿ ಎನ್ನುವ ಕಾನೂನುಗಳಿಗೆ ತನ್ನಿಂದ ಬಾಧೆಯಿಲ್ಲ ಎಂದೂ ಹೇಳಿದೆ. ಆ ಸಾಲು ಮಾತ್ರ ತಮ್ಮ ಭಾಷಣಗಳಲ್ಲಿ ಕೇಳಿಬರುವುದಿಲ್ಲ. ಬಂದೂಕು ನಮ್ಮ ಪರಂಪರೆ ಎನ್ನುತ್ತೀರಾ? ನಮ್ಮ ಕೊಡಗಿನಲ್ಲೂ ಅದು ಪರಂಪರೆಯೇ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆಯೂ ಆಗುತ್ತದೆ. ಪೂಜೆಗೂ ಬೀಗಕ್ಕೂ ಯಾವ ಶಾಸ್ತ್ರದಲ್ಲೂ ಜಗಳವಿಲ್ಲ. ತಪ್ಪು ಬಂದೂಕಿನದಲ್ಲ, ಕೆಟ್ಟ ಮನಸ್ಸಿನದು, ವಿಡಿಯೊ ಗೇಮಿನದು ಎಂಬ ವಾದವೂ ಇದೆ. ಆ ಆಟಗಳನ್ನು ಜಪಾನಿನ ಮಕ್ಕಳೂ ಆಡುತ್ತಾರೆ, ಬೆಂಗಳೂರಿನ ಮಕ್ಕಳು ಊಟ ಬಿಟ್ಟು ಆಡುತ್ತಾರೆ. ಮನಸ್ಸು ಕೆಡುವುದು ಎಲ್ಲ ದೇಶದಲ್ಲೂ ಉಂಟು. ಕೆಟ್ಟ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರಲ್ಲಿ ವ್ಯತ್ಯಾಸ.

ಒಂದು ಆಕ್ಷೇಪಕ್ಕೆ ಮಾತ್ರ ನಾನು ತಲೆಬಾಗಲೇಬೇಕು. ಬೀಗದಿಂದ ಎಲ್ಲವೂ ನಿಲ್ಲುವುದಿಲ್ಲ. ಪಾರ್ಕ್‌ಲ್ಯಾಂಡ್‌ನವನೂ ಯುವಾಲ್ಡಿಯವನೂ 18 ತುಂಬಿದ ಮೇಲೆ ಅಂಗಡಿಗೆ ಹೋಗಿ ಕಾನೂನುಬದ್ಧವಾಗಿಯೇ ರೈಫಲ್ ಕೊಂಡವರು. ಅವರ ಮಟ್ಟಿಗೆ ಮನೆಯ ಬೀರು ಲೆಕ್ಕಕ್ಕೇ ಬರಲಿಲ್ಲ. ಆದರೆ ಎಲ್ಲವನ್ನೂ ನಿಲ್ಲಿಸಲಾಗದ್ದು ಬೇಡ ಎಂಬ ಕಟ್ಟುನಿಟ್ಟು ತಾವು ಹೊಳೆಗಲ್ಲಿನ ವಿಷಯದಲ್ಲಿ ತೋರಿಸಿದಂತಿಲ್ಲ. ಮಕ್ಕಳ ಕೈಗೆ ಬಂದೂಕು ಸಿಗದಂತೆ ನೋಡಿಕೊಳ್ಳುವ ಕಾನೂನುಗಳಿರುವಲ್ಲಿ ಎಳೆಯರ ಆತ್ಮಹತ್ಯೆಯೂ ಆಕಸ್ಮಿಕ ಗುಂಡೇಟೂ ಕಡಿಮೆಯಾಗುತ್ತವೆ ಎಂದು ರ‍್ಯಾಂಡ್ ಸಂಶೋಧನಾ ಸಂಸ್ಥೆ ಅಧ್ಯಯನಗಳನ್ನೆಲ್ಲ ತೂಗಿ ನೋಡಿ ಹೇಳಿದೆ. ಬಕೆಟ್ಟಿನ ಬಗ್ಗೆ ಅಂಥ ಪುರಾವೆ ಯಾರೂ ಕೊಟ್ಟಿಲ್ಲ.

ನೀವು ಹೀಗೆ, ನಾವು ಹಾಗೆ ಎಂದು ಬೀಗಲು ಇದನ್ನು ಬರೆಯುತ್ತಿಲ್ಲ. 2007ರ ಡಿಸೆಂಬರ್‌ನಲ್ಲಿ ಗುರುಗ್ರಾಮದ ಖಾಸಗಿ ಶಾಲೆಯೊಂದರಲ್ಲಿ ಎಂಟನೇ ತರಗತಿಯ ಹುಡುಗನನ್ನು ಸಹಪಾಠಿಗಳೇ ಗುಂಡಿಟ್ಟು ಕೊಂದರು. ಪಿಸ್ತೂಲು ಅವರಲ್ಲೊಬ್ಬನ ತಂದೆಯದು. 2024ರ ಜುಲೈನಲ್ಲಿ ಬಿಹಾರದ ಸುಪೌಲ್‌ನಲ್ಲಿ ನರ್ಸರಿ ಓದುವ ಐದು ವರ್ಷದ ಮಗು ಬ್ಯಾಗಿನಲ್ಲಿ ಪಿಸ್ತೂಲು ತಂದು ಮೂರನೇ ತರಗತಿಯ ಹುಡುಗನ ಕೈಗೆ ಗುಂಡು ಹೊಡೆಯಿತು. ನಮ್ಮಲ್ಲಿ ಬಂದೂಕಿರುವ ಬೀರುಗಳು ಕಡಿಮೆ, ಅದಕ್ಕೇ ಇಂಥ ಸುದ್ದಿಯೂ ಕಡಿಮೆ. ಬಂದೂಕು ಬರುವ ದಾರಿ ಮಾತ್ರ ಒಂದೇ.

ಕೊನೆಗೆ ತಮ್ಮದೇ ಕಾನೂನಿನ ಒಂದು ಸೊಬಗು. 2005ರ ಕಾನೂನಿನ ಪ್ರಕಾರ ಲೈಸೆನ್ಸಿರುವ ಅಂಗಡಿಯವನು ಪಿಸ್ತೂಲು ಮಾರುವಾಗ ಜೊತೆಗೊಂದು ಬೀಗವನ್ನೋ ಭದ್ರಪೆಟ್ಟಿಗೆಯನ್ನೋ ಕೊಡಲೇಬೇಕು. ಕೊಂಡವನು ಅದನ್ನು ಹಾಕಲೇಬೇಕೆಂದು ಆ ಕಾನೂನು ಹೇಳುವುದಿಲ್ಲ. ಬಂದೂಕು ಉದ್ಯಮದ ಸಂಘವೂ ಕೋಟಿಗಟ್ಟಲೆ ಬೀಗ ಪುಕ್ಕಟೆ ಹಂಚಿದೆ, ಬೀಗ ಕಡ್ಡಾಯ ಮಾಡುವ ಕಾನೂನನ್ನು ವಿರೋಧಿಸುತ್ತಲೂ ಇದೆ. ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ 2021ರ ನವೆಂಬರ್ 30ರಂದು ನಾಲ್ವರು ವಿದ್ಯಾರ್ಥಿಗಳನ್ನು ಕೊಂದ ಹುಡುಗನಿಗಾಗಿ ತಂದೆ ಆ ಪಿಸ್ತೂಲು ಕೊಂಡದ್ದು ನಾಲ್ಕು ದಿನ ಮುಂಚೆ. ಅದರೊಂದಿಗೆ ಬಂದ ಬೀಗ ಪ್ಯಾಕೆಟ್ಟಿನಲ್ಲೇ ಇತ್ತು ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ತಂದೆತಾಯಿಗೆ 2024ರಲ್ಲಿ ತಲಾ 10ರಿಂದ 15 ವರ್ಷ ಶಿಕ್ಷೆಯಾಯಿತು. ಅದೇ ವರ್ಷದ ಫೆಬ್ರುವರಿಯಿಂದ ಮಿಷಿಗನ್‌ನಲ್ಲಿ ಮಕ್ಕಳಿರುವ ಮನೆಯ ಬಂದೂಕಿಗೆ ಬೀಗ ಕಡ್ಡಾಯವಾಗಿದೆ. ಅಂಥ ಕಾನೂನಿಲ್ಲದ ರಾಜ್ಯಗಳ ಮಹಾಶಯರು ಮುಂದಿನ ಅಧಿವೇಶನದಲ್ಲಿ ಬ್ಯಾಟಿನ ಅಳತೆ ಚರ್ಚಿಸಿ ಬಿಡುವಾದಾಗ ಮಿಷಿಗನ್ ಕಾನೂನಿನ ಒಂದು ಪ್ರತಿ ತರಿಸಿಕೊಂಡು ಓದಬಹುದು.

ಇಂತಿ ತಮ್ಮ ಕರಡಿ ನಿಗ್ರಹ ಯೋಜನೆಯ ಶುಭಾಕಾಂಕ್ಷಿ,
ಕರ್ನಾಟಕದಿಂದ ಒಬ್ಬ ಓದುಗ