ಲ್ಯಾಪ್‌ಟಾಪ್ ಭಾವ

ಸಿಇಟಿಯಲ್ಲಿ ಮಗನಿಗೋ ಮಗಳಿಗೋ ಸೀಟು ಗಟ್ಟಿಯಾದ ಸುದ್ದಿ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ದೇವರಿಗೆ ಮುಟ್ಟುವ ಮೊದಲೇ ಲ್ಯಾಪ್‌ಟಾಪ್ ಭಾವನಿಗೆ ಮುಟ್ಟಿರುತ್ತದೆ. ದೇವರಿಗಾದರೆ ತುಪ್ಪದ ದೀಪವನ್ನು ಮರುದಿನ ಹಚ್ಚಿದರೂ ನಡೆಯುತ್ತದೆ. ಭಾವನಿಗೆ ತಡವಾಗಿ ಹೇಳಿದರೆ ಮುಂದಿನ ಮದುವೆಮನೆಯ ಪಂಕ್ತಿಯಲ್ಲಿ ಎದುರಿಗೇ ಕೂತು, "ಪರವಾಗಿಲ್ಲ ಬಿಡಿ, ಈಗೆಲ್ಲ ಮೊಬೈಲಲ್ಲೇ ನೋಡಿ ತಗೊಳ್ತಾರೆ" ಎಂದು ಹೋಳಿಗೆಗೆ ಕೈ ಅಡ್ಡ ಹಿಡಿಯುತ್ತಾನೆ. ಆ ಹೋಳಿಗೆಯ ಶಾಪ ಯಾರಿಗೆ ಬೇಕು?

ಆತ ಯಾವ ದಾರಿಯಿಂದ ಭಾವ ಎಂದು ಮಾತ್ರ ಕೇಳಬಾರದು. ಹೆಂಡತಿಯ ತವರು ಸಾಗರದ ಕಡೆ, ತೋಟ ಹೊಸನಗರದ ಕಡೆ, ಅಕ್ಕನನ್ನು ಕೊಟ್ಟದ್ದು ತೀರ್ಥಹಳ್ಳಿಗೆ. ಇಷ್ಟಾದ ಮೇಲೆ ಮೂರು ತಾಲ್ಲೂಕಿನಲ್ಲಿ ಭಾವ ಅನ್ನದೆ ಉಳಿದವರೇ ಕಡಿಮೆ. ಅವರ ಮಕ್ಕಳಿಗೆಲ್ಲ ಮಾವ. ವಯಸ್ಸು ಐವತ್ತರ ಆಸುಪಾಸು, ಎರಡೂವರೆ ಎಕರೆ ಅಡಿಕೆ, ಅದರ ಮೈಮೇಲೆ ಒಂದಿಷ್ಟು ಕಾಳುಮೆಣಸು. ಓದಿದ್ದು ಬಿಕಾಂ. ಬೆಂಗಳೂರಿನಲ್ಲಿ ಕಂಪ್ಯೂಟರ್ ಮಾರುವವರ ಹತ್ತಿರ ಕೆಲವು ವರ್ಷ ಲೆಕ್ಕ ಬರೆದು, ಅಪ್ಪನ ಕಾಲು ಮುರಿದದ್ದೇ ನೆಪವಾಗಿ ಊರಿಗೆ ಬಂದವನು. ಬರುವಾಗ ಜೊತೆಗೆ ತಂದದ್ದು ಒಂದು ಸ್ಕ್ರೂಡ್ರೈವರ್ ಸೆಟ್ಟು ಮತ್ತು 'ಕಾನ್ಫಿಗರೇಶನ್' ಎಂಬ ಶಬ್ದ. ಎರಡೂ ಇನ್ನೂ ಸವೆದಿಲ್ಲ.

ಕೀರ್ತಿ ಏರಿದ್ದು 2020ರ ಲಾಕ್‌ಡೌನಿನಲ್ಲಿ. ಬೆಂಗಳೂರಿನ ಹುಡುಗರೆಲ್ಲ ಕಂಪನಿಯ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದರು. ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು, ಪ್ಲಾಸ್ಟಿಕ್ ಹೊದೆಸಿದ ಚಪ್ಪರದಡಿ ಕೂತು ಮೀಟಿಂಗ್ ಮಾಡಿದರು. ನೆಟ್‌ವರ್ಕ್ ಕೊಡದಿದ್ದರೆ ವೋಟಿಲ್ಲ ಎಂದು ನಮ್ಮ ಹಳ್ಳಿಗಳು ಹಟ ಹಿಡಿದ ಕಾಲ ಅದು. ಜೂನ್ ಹಿಡಿಯುತ್ತಲೇ ಆ ಯಂತ್ರಗಳಿಗೆಲ್ಲ ಥಂಡಿ ಹತ್ತಿತು, ಕೀಬೋರ್ಡಿನೊಳಗೆ ಇರುವೆ ಸಂಸಾರ ಹೂಡಿತು. ರಿಪೇರಿಗೆ ಶಿವಮೊಗ್ಗಕ್ಕೆ ಹೋಗುವ ಹಾಗಿರಲಿಲ್ಲ. ಭಾವ ಬಿಚ್ಚಿದ, ಒರೆಸಿದ, ಜೋಡಿಸಿದ. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಕೈಯಲ್ಲೇ ಉಳಿಯುತ್ತಿದ್ದದ್ದು ನಿಜ. ಆದರೆ ಯಂತ್ರ ಓಡುತ್ತಿತ್ತು. ಹಾಗೆ ಉಳಿದ ಸ್ಕ್ರೂಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಇಟ್ಟಿದ್ದಾನೆ. "ಕಂಪನಿಯವರು ಯಾವಾಗ್ಲೂ ಒಂದೆರಡು ಹೆಚ್ಚಿಗೆ ಹಾಕಿರ್ತಾರೆ ಮಾರಾಯ."

ಫೋನಿನಲ್ಲಿ ಆತ ಕೇಳುವ ಮೊದಲ ಪ್ರಶ್ನೆ ಯಾವ ಬ್ರಾಂಚು, ಯಾವ ಕಾಲೇಜು ಎಂದಲ್ಲ. "ಅಡಿಕೆ ಕೊಟ್ಟಾಯ್ತಾ, ಇನ್ನೂ ಇಟ್ಟಿದೀರಾ?" ನಮ್ಮ ಕಡೆ ಬಜೆಟ್ ಕೇಳುವ ಮರ್ಯಾದೆಯ ರೀತಿ ಇದು. ಈಚಿನ ವರ್ಷಗಳಲ್ಲಿ ರಾಶಿ ಇಡಿ ಕ್ವಿಂಟಲಿಗೆ 50 ಸಾವಿರದ ಆಚೀಚೆ ಆಡುತ್ತಿರುವುದರಿಂದ ಲೆಕ್ಕವೂ ಸಲೀಸು: ಒಂದು ಕ್ವಿಂಟಲ್ ರಾಶಿಗೆ ಒಂದು ಲ್ಯಾಪ್‌ಟಾಪ್. ಅಪ್ಪ ಆದವನು ಮ್ಯಾಮ್ಕೋಸಿನಲ್ಲಿಯೋ ಆಪ್ಸ್‌ಕೋಸಿನಲ್ಲಿಯೋ ಧಾರಣೆ ಇನ್ನೊಂದು ಸಾವಿರ ಏರಲಿ ಎಂದು ಕಾಯುತ್ತಾನೆ. ಭಾವ ಲ್ಯಾಪ್‌ಟಾಪಿನದು ಒಂದು ಸಾವಿರ ಇಳಿಯಲಿ ಎಂದು ಕಾಯುತ್ತಾನೆ. 2025ರ ಕೊನೆಗೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಂಡು ರ‍್ಯಾಮಿನ ದರ ಗಗನಕ್ಕೆ ಹೋದಾಗ ಭಾವನಿಗೆ ಆದ ಸಂಕಟ ಹೇಳತೀರದು. ಅಡಿಕೆಯ ಧಾರಣೆ ಏಕೆ ಏರುತ್ತದೆ, ಏಕೆ ಬೀಳುತ್ತದೆ ಎಂದು ತಿಳಿಯದೆ ತಲೆಮಾರುಗಳನ್ನು ಕಳೆದ ಜನ ನಾವು. ಈಗ ರ‍್ಯಾಮ್ ಕೂಡ ಅದೇ ಪಂಗಡಕ್ಕೆ ಸೇರಿತು.

ಭಾವನದು ಎರಡೇ ವ್ರತ. ಫ್ಯಾನು ಸದ್ದು ಮಾಡಬಾರದು. ಮುಂದೆ ಏರಿಸಲು ಬರಬೇಕು.

ಮೊದಲನೆಯದರ ಆಚರಣೆ ನೋಡಬೇಕಾದರೆ ಅಂಗಡಿಗೇ ಹೋಗಬೇಕು. ಭಾವ ಒಳಗೆ ಬಂದವನೇ ಸೀಲಿಂಗ್ ಫ್ಯಾನ್ ಆರಿಸಲು ಹೇಳುತ್ತಾನೆ. ಆಮೇಲೆ ಏಸಿ. ಆಮೇಲೆ ಪಕ್ಕದ ಟಿವಿಗಳ ಸಾಲು. ಅಂಗಡಿಯ ಹುಡುಗ ಬೆವರುತ್ತ ನಿಂತಿರುವಾಗ ಲ್ಯಾಪ್‌ಟಾಪನ್ನು ತಿರುಗಿಸಿ, ಗಾಳಿ ಬಿಡುವ ಸೀಳಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚುತ್ತಾನೆ. ಹಿಂದೆ ಅಪ್ಪ ಅಮ್ಮ ಉಸಿರು ಬಿಗಿ ಹಿಡಿದು ನಿಂತಿರುತ್ತಾರೆ. ಮಗಳು ಮಾತ್ರ ತನಗೆ ಈ ಜನ ಯಾರೂ ಗೊತ್ತಿಲ್ಲ ಎಂಬಂತೆ ಇಯರ್‌ಫೋನ್ ಸ್ಟ್ಯಾಂಡಿನ ಕಡೆ ಸರಿದಿರುತ್ತಾಳೆ.

ಸದ್ದು ಕೇಳುವುದಿಲ್ಲ. ಕೇಳುವುದಾದರೂ ಹೇಗೆ? ಆಗಷ್ಟೇ ಹಚ್ಚಿದ ಯಂತ್ರ, ಮಾಡುವ ಕೆಲಸವೇನೂ ಇಲ್ಲ, ಫ್ಯಾನು ತಿರುಗುವ ಪ್ರಮೇಯವೇ ಬಂದಿಲ್ಲ. ಇದು ಭಾವನಿಗೂ ಗೊತ್ತು. ಅದಕ್ಕೇ ಹುಡುಗನಿಗೆ ಹೇಳಿ ಒಂದರ ಮೇಲೊಂದು ವಿಡಿಯೊ ತೆರೆಸುತ್ತಾನೆ, ಇಡೀ ಡ್ರೈವಿಗೆ ವೈರಸ್ ಸ್ಕ್ಯಾನ್ ಹಚ್ಚಿಸುತ್ತಾನೆ. ಕೊನೆಗೆ ಫ್ಯಾನು ಸುಂಯ್ ಎಂದಾಗ ಅಪ್ಪನ ಕಡೆ ತಿರುಗಿ, "ಕೇಳ್ತಾ?" ಎನ್ನುತ್ತಾನೆ.

ವಿವರಣೆಯಲ್ಲಿ ತಪ್ಪು ಹುಡುಕುವ ಹಾಗಿಲ್ಲ. ತೆಳ್ಳಗಿನ ಲ್ಯಾಪ್‌ಟಾಪಿನ ಪ್ರೊಸೆಸರ್ ಸಾಮಾನ್ಯವಾಗಿ 15 ವಾಟ್ ಲೆಕ್ಕದ್ದು, ಗೇಮ್ ಆಡುವಂಥದ್ದು 45 ವಾಟಿನದು, ಮೇಲಿಂದ ಗ್ರಾಫಿಕ್ಸ್ ಕಾರ್ಡಿನ ಕಾವು ಬೇರೆ. ಈ ಬಿಸಿಯನ್ನು ಒಂದು ತಾಮ್ರದ ಕೊಳವೆ ಹೊರಗೆ ಸಾಗಿಸುತ್ತದೆ. ಅದರೊಳಗೆ ಚೂರೇ ಚೂರು ದ್ರವ ಇರುತ್ತದೆ. ಬಿಸಿಯ ಕಡೆ ಆವಿಯಾಗಿ, ಇನ್ನೊಂದು ತುದಿಯಲ್ಲಿ ತಣಿದು, ಮತ್ತೆ ಹಿಂದಕ್ಕೆ ಹರಿಯುತ್ತದೆ. ಆ ತುದಿಗೆ ಗಾಳಿ ಊದುವುದೇ ಫ್ಯಾನಿನ ಕೆಲಸ.

"ತಾಮ್ರವಾ?" ಎಂದು ಅಪ್ಪನ ಕಿವಿ ನಿಮಿರುತ್ತದೆ. ಕೊಳೆ ಔಷಧಿಗೆ ಮೈಲುತುತ್ತ ತಂದು ಗೊತ್ತಿದ್ದವನು. "ಹಂಗಾದ್ರೆ ರೇಟು ಇಳಿಯೋದಿಲ್ಲ ಬಿಡು."

ಅಮ್ಮನ ತಕರಾರು ಬೇರೆಯೇ. ಹುಲಿಕಲ್, ಆಗುಂಬೆಯ ಮಳೆ ತಗಡಿನ ಮಾಡಿಗೆ ಹೊಡೆಯುವಾಗ ಗಂಡ ಕೂಗಿದ್ದೇ ಕೇಳುವುದಿಲ್ಲ. ಮಳೆ ಬಿಟ್ಟರೆ ಜೀರುಂಡೆ, ಕಪ್ಪೆ. ಅವು ಸುಮ್ಮನಾಗುವ ಹೊತ್ತಿಗೆ ಕೊನೆ ಕೊಯ್ಲು, ಅಂಗಳದಲ್ಲಿ ಹಗಲೂ ರಾತ್ರಿ ಅಡಿಕೆ ಸುಲಿಯುವ ಮಷಿನ್ನು. "ಈ ಮನೇಲಿ ಫ್ಯಾನ್ ಸದ್ದು ಯಾರಿಗೆ ಕೇಳ್ಬೇಕು ಭಾವ?"

"ಇಲ್ಲಿ ಅಲ್ಲ ಮಾರಾಯ್ತಿ, ಹಾಸ್ಟೆಲಲ್ಲಿ. ಒಂದು ರೂಮಿಗೆ ಮೂರು ಜನ. ರಾತ್ರಿ ಇವಳು ಅಸೈನ್‌ಮೆಂಟ್ ಮಾಡ್ತಾ ಕೂತ್ರೆ ಉಳಿದಿಬ್ರು ಮಲಗೋದು ಬೇಡ್ವಾ? ಹತ್ತು ಡೆಸಿಬಲ್ ಏರಿದ್ರೆ ಕಿವಿಗೆ ಎರಡು ಪಾಲು ಕೇಳತ್ತೆ."

ಈ ಮಾತಿನಲ್ಲಿ ನಾನು ಭಾವನ ಪಕ್ಷ. ಅಂಗಡಿಯವರು ಪ್ರೊಸೆಸರಿನ ವೇಗ ಹೇಳುತ್ತಾರೆ, ಪರದೆಯ ಅಗಲ ಹೇಳುತ್ತಾರೆ. ಪಕ್ಕದ ಮಂಚದ ಹುಡುಗಿಯ ನಿದ್ದೆಯ ಬಗ್ಗೆ ಯೋಚಿಸುವುದು ಭಾವ ಒಬ್ಬನೇ.

ಹುಡುಗರಾದರೆ ಕಥೆ ಬೇರೆ. "ಮಾವ, ಸಿಎಸ್‌ಗೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಂತೆ, ಎಐ ಇದ್ಯಲ್ಲ" ಎಂದು ಶುರು ಮಾಡುತ್ತಾರೆ. ಭಾವ ಕನ್ನಡಕ ಇಳಿಸಿ ನೋಡುತ್ತಾನೆ. ವಿಟಿಯುವಿನ ಮೊದಲ ವರ್ಷದಲ್ಲಿ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್, ಒಂದಿಷ್ಟು ಪ್ರೋಗ್ರಾಮಿಂಗ್, ಕಂಪ್ಯೂಟರಿನಲ್ಲಿ ಗೆರೆ ಎಳೆಯುವ ಡ್ರಾಯಿಂಗ್ ಇಷ್ಟೇ ಎಂದು ಆತನಿಗೆ ಬಾಯಿಪಾಠ. "ಅಪ್ಪಿ, ಆಟದ ಹೆಸರು ಹೇಳು. ಅದಕ್ಕೆ ತಕ್ಕ ಕಾರ್ಡ್ ನೋಡಣ. ಎಐ ಹೆಸರು ಯಾಕೆ ಕೆಡಿಸ್ತೆ?" ಹುಡುಗ ಅಲ್ಲಿಗೆ ಶರಣು.

ಇನ್ನು ಎರಡನೆಯ ವ್ರತ. ನಮ್ಮ ಕಡೆ ತಾರಸಿ ಮನೆ ಕಟ್ಟಿಸಿದವರು ಕಂಬದ ಮೇಲೆ ಕಬ್ಬಿಣದ ಸರಳನ್ನು ಗೇಣುದ್ದ ಹಾಗೇ ಬಿಟ್ಟಿರುತ್ತಾರೆ, ಮುಂದೆ ಮಹಡಿ ಏರಿಸಲು. ಮಹಡಿ ಏರುವುದಿಲ್ಲ. ಸರಳು ತುಕ್ಕು ಹಿಡಿಯುತ್ತದೆ, ಬಟ್ಟೆ ಒಣಗಿಸುವ ಹಗ್ಗಕ್ಕೆ ಆಗುತ್ತದೆ. ಆದರೂ ಸರಳು ಕತ್ತರಿಸಿದ ಮನೆಗೆ ಹೆಣ್ಣು ಕೊಡಲು ಜನ ಹಿಂದೆ ಮುಂದೆ ನೋಡುತ್ತಾರೆ. ಭಾವನಿಗೆ ಲ್ಯಾಪ್‌ಟಾಪಿನ ಖಾಲಿ ರ‍್ಯಾಮ್ ಸ್ಲಾಟು ಆ ಸರಳು. "ಈಗ ಎಂಟು ಜಿಬಿ ಇರ್ಲಿ. ಮುಂದೆ ಬೇಕಾದ್ರೆ ಹದಿನಾರು ಮಾಡ್ಸಣ." ತೀರ್ಥಹಳ್ಳಿಯ ಅಕ್ಕನ ಮಗಳಿಗೆ ಹೀಗೆ ಎರಡು ಸ್ಲಾಟಿನದನ್ನು ಹುಡುಕಿ ಕೊಡಿಸಿದ್ದ. ಅವಳು ನಾಲ್ಕು ವರ್ಷ ಓದಿ ಮುಗಿಸಿದಳು, ಕೆಲಸ ಸಿಕ್ಕಿತು, ಕಂಪನಿಯವರೇ ಬೇರೆ ಲ್ಯಾಪ್‌ಟಾಪ್ ಕೊಟ್ಟರು. ಸ್ಲಾಟು ಖಾಲಿಯೇ ಉಳಿಯಿತು. ಭಾವನನ್ನು ಕೇಳಿದರೆ ಈಗಲೂ ಹೆಮ್ಮೆಯಿಂದ, "ಅದಕ್ಕೆ ಬೇಕಾದ್ರೆ ಇವತ್ತೂ ಹಾಕ್ಬಹುದು" ಎನ್ನುತ್ತಾನೆ.

ಕಷ್ಟ ಏನೆಂದರೆ ಈ ಎರಡು ವ್ರತಗಳಿಗೆ ಒಂದಕ್ಕೊಂದು ಆಗಿಬರುವುದಿಲ್ಲ. ಸದ್ದಿಲ್ಲದ ಯಂತ್ರ ಬೇಕೆಂದರೆ ತೆಳ್ಳಗಿನದು, ಕಡಿಮೆ ವಾಟಿನದು ಬೇಕು. ಅಂಥವುಗಳಲ್ಲಿ ಬಹಳಷ್ಟಕ್ಕೆ ಜಾಗವೂ ಕರೆಂಟೂ ಉಳಿಯಲೆಂದು ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬಿಚ್ಚಿ ಏರಿಸಲು ಬರುವುದು ಬೇಕೆಂದರೆ ದಪ್ಪನೆಯದನ್ನು ತರಬೇಕು. ಅದರ ಹೊಟ್ಟೆಯಲ್ಲಿ ಎರಡು ಫ್ಯಾನು. 2020ರ ನವೆಂಬರಿನಲ್ಲಿ ಆಪಲ್‌ನವರು ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಬಿಟ್ಟಾಗ ಅದರಲ್ಲಿ ಫ್ಯಾನೇ ಇಲ್ಲ ಎಂಬ ಸುದ್ದಿ ಭಾವನನ್ನು ಕೆಲವು ದಿನ ನೆಲದ ಮೇಲೆ ನಿಲ್ಲಗೊಡಲಿಲ್ಲ. ಆಮೇಲೆ ತಿಳಿಯಿತು, ರ‍್ಯಾಮ್ ಏರಿಸಲು ಅದರಲ್ಲಿ ದಾರಿಯೂ ಇಲ್ಲ. "ಸಾಲಿಡ್‌ವರ್ಕ್ಸ್ ಓಡಲ್ಲ ಅದ್ರಲ್ಲಿ, ಮೆಕ್ಯಾನಿಕಲ್‌ನವ್ರಿಗೆ ಉಪಯೋಗಿಲ್ಲ" ಎಂದು ಬೇರೆ ಕಾರಣ ಕೊಟ್ಟು ಕೈಬಿಟ್ಟ. ಕಾರಣ ಸರಿಯೇ, ಹೊಟ್ಟೆಯ ಉರಿ ಮಾತ್ರ ಸ್ಲಾಟಿನದು. ಅಮೆರಿಕದ ಫ್ರೇಮ್‌ವರ್ಕ್ ಎಂಬ ಕಂಪನಿ 2021ರಿಂದ ಪ್ರತಿ ಭಾಗವನ್ನೂ ಮನೆಯಲ್ಲೇ ಬಿಚ್ಚಿ ಬದಲಿಸುವಂಥ ಲ್ಯಾಪ್‌ಟಾಪ್ ಮಾರುತ್ತಿದೆ. ಅದರ ವಿಡಿಯೊಗಳನ್ನು ಭಾವ ರಾತ್ರಿ ಹೊತ್ತು ಹೆಂಡತಿ ಮಲಗಿದ ಮೇಲೆ ನೋಡುತ್ತಾನೆ.

ಆತನ ಸ್ವಂತ ಲ್ಯಾಪ್‌ಟಾಪು ಹೇಗಿದೆ ಎಂದು ಕೇಳಿದರೆ ಮಾತು ಅಡಿಕೆಯ ಕಡೆ ತಿರುಗುತ್ತದೆ. ಅದು ಇಂಟೆಲ್‌ನ ಆರನೇ ತಲೆಮಾರಿನದು. ರ‍್ಯಾಮ್ ಹದಿನಾರಕ್ಕೆ ಏರಿದೆ, ಹಳೆಯ ಹಾರ್ಡ್‌ಡಿಸ್ಕ್ ಹೋಗಿ ಎಸ್‌ಎಸ್‌ಡಿ ಬಂದಿದೆ, ಬ್ಯಾಟರಿ ಬದಲಾಗಿದೆ. ವರ್ಷಕ್ಕೊಮ್ಮೆ ಸುಲಿತದ ಧೂಳು ತೆಗೆಯುವಾಗ ಫ್ಯಾನಿನ ರೆಕ್ಕೆ ಸುತ್ತಿ ಹಾಳಾಗದಿರಲೆಂದು ಹಿಡಿಕಡ್ಡಿ ತುರುಕಿ ಹಿಡಿದು, ಆಮೇಲೆ ಪಂಪಿನಿಂದ ಗಾಳಿ ಹೊಡೆಯುತ್ತಾನೆ. ಮಳೆಗಾಲದಲ್ಲಿ ಅದರ ವಾಸ ಸ್ಟೀಲ್ ಡಬ್ಬಿಯೊಳಗೆ. ಜೊತೆಗೆ ಮೂರು ತಾಲ್ಲೂಕಿನ ಶೂ ಡಬ್ಬಿಗಳಿಂದ ಕೂಡಿಸಿದ ಸಿಲಿಕಾ ಜೆಲ್ ಪೊಟ್ಟಣ. ಇಷ್ಟೆಲ್ಲ ಆರೈಕೆಯಾದ ಯಂತ್ರಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟಿನವರು ವಿಂಡೋಸ್ 10ರ ಬೆಂಬಲ ನಿಲ್ಲಿಸಿದರು. ವಿಂಡೋಸ್ 11ಕ್ಕೆ ಏರಿಸಲು ಹೋದರೆ, ನಿಮ್ಮ ಪ್ರೊಸೆಸರ್ ಹಳೆಯದು, ಆಗುವುದಿಲ್ಲ ಎಂದಿತು ಯಂತ್ರ. ಏರಿಸಲು ಬರುವುದನ್ನೆಲ್ಲ ಏರಿಸಿಕೊಂಡು ಬಂದವನಿಗೆ ಏರಿಸಲು ಬರದ ಒಂದೇ ಒಂದು ಭಾಗ ಅಡ್ಡ ಕೂತಿತು. ಭಾವ ಮೂರು ದಿನ ಯಾರ ಫೋನೂ ಎತ್ತಲಿಲ್ಲ ಎಂದು ಆತನ ಹೆಂಡತಿ ಹೇಳುತ್ತಾರೆ. ನಾಲ್ಕನೆಯ ದಿನ ಅದಕ್ಕೆ ಲಿನಕ್ಸ್ ಹಾಕಿ, "ಮೊದ್ಲಿಂದ್ಲೂ ಅದೇ ಹಾಕ್ಬೇಕು ಅಂತಿದ್ದೆ" ಎಂದನಂತೆ.

ಇತ್ತೀಚೆಗೆ ರಿಪ್ಪನ್‌ಪೇಟೆ ಕಡೆಯ ನೆಂಟರ ಮನೆಯಲ್ಲಿ ಆದದ್ದನ್ನು ಹೇಳಬೇಕು. ಮಗಳಿಗೆ ಶಿವಮೊಗ್ಗದಲ್ಲಿ ಇನ್ಫರ್ಮೇಶನ್ ಸೈನ್ಸ್ ಸಿಕ್ಕಿತ್ತು. ಭಾವ ಕಾಗದದ ಮೇಲೆ ಗೆರೆ ಹಾಕಿ, ಸದ್ದು ಒಂದು ಕಡೆ, ಸ್ಲಾಟು ಒಂದು ಕಡೆ ಬರೆದು ತೂಗುತ್ತಿರುವಾಗಲೇ ಅವಳು ಗೆಳತಿಯ ಅಣ್ಣನ ಬ್ಯಾಂಕ್ ಕಾರ್ಡಿನ ಡಿಸ್ಕೌಂಟಿನಲ್ಲಿ ಮೊಬೈಲಿನಿಂದ ಆರ್ಡರ್ ಮಾಡಿಬಿಟ್ಟಳು. ಡೆಲಿವರಿಯ ಹುಡುಗ ದಾರಿ ಕೇಳಲು ಫೋನು ಮಾಡಿದರೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಕೊನೆಗೆ ಹಾಲಿನ ಡೈರಿಯಲ್ಲಿ ಇಟ್ಟು ಹೋದ.

ಭಾವ ಬಂದ. ಕಾಫಿ ಬೇಡವೆಂದ. ಡಬ್ಬಿಯನ್ನು ದೂರದಿಂದ ನೋಡಿದ. ಹುಡುಗಿ ಮೆಲ್ಲಗೆ, "ಮಾವ, ಎಂಟು ಜಿಬಿ ಬೋರ್ಡಲ್ಲೇ ಇದೆ, ಇನ್ನೊಂದು ಸ್ಲಾಟ್ ಖಾಲಿ ಇದೆಯಂತೆ" ಎಂದಳು. ಬೇಕೆಂದೇ ಹುಡುಕಿ ಅಂಥದ್ದನ್ನು ತರಿಸಿದ್ದಳೋ ಏನೋ, ಜಾಣೆ. ಭಾವನ ಮುಖ ಸಡಿಲವಾಯಿತು. "ಖಾಲಿ ಇದ್ಯಾ? ಹಂಗಾದ್ರೆ ಸ್ವಲ್ಪ ಕಾಫಿ ಕೊಡಿ."

ಯಂತ್ರ ಹಚ್ಚಿದರು. ಅರಿಶಿನ ಕುಂಕುಮ ಆಯಿತು. ಜೋರು ಮಳೆ, ಎಂದಿನಂತೆ ಕರೆಂಟು ಹೋಯಿತು. ಜೋಗದಲ್ಲಿ 1948ರಿಂದ ಕರೆಂಟು ಹುಟ್ಟಿಸಿ ನಾಡಿಗೆಲ್ಲ ಕಳಿಸುತ್ತಿರುವ ಜಿಲ್ಲೆ ಇದು. ಬ್ಯಾಟರಿಯ ಮೇಲೆ ಯಂತ್ರ ಓಡುತ್ತಿತ್ತು. ಅಪ್ಪ ಕೈ ಒರೆಸಿಕೊಂಡು ಬಂದು ಇಡೀ ಸಂಸಾರದ ಪರವಾಗಿ ಮೊದಲ ಬೇಡಿಕೆ ಇಟ್ಟ: "ಇವತ್ತಿನ ರಾಶಿ ಧಾರಣೆ ನೋಡು." ಮಗಳು ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿದಳು. ಪರದೆಯ ನಡುವೆ ಉಂಗುರವೊಂದು ಸುತ್ತತೊಡಗಿತು, ಸುತ್ತುತ್ತಲೇ ಇತ್ತು.

ಭಾವ ಬಗ್ಗಿ ಕಿವಿ ಹಚ್ಚಿದ. ಮಳೆಯ ಅಬ್ಬರದ ನಡುವೆಯೂ ಎಲ್ಲರಿಗೂ ಸುಮ್ಮನಿರುವಂತೆ ಕೈ ತೋರಿಸಿದ. "ಬಂಗಾರದಂಥ ಪೀಸು. ಸದ್ದೇ ಇಲ್ಲ ನೋಡಿ!"

"ಕೆಲ್ಸ ಮಾಡ್ದೆ ಸುಮ್ನೆ ಕೂತಿದ್ರೆ ಸದ್ದು ಎಲ್ಲಿಂದ ಬರತ್ತೆ ಭಾವ?" ಎಂದು ಅಮ್ಮ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ನೋಡಿದ್ದು ಲ್ಯಾಪ್‌ಟಾಪನ್ನಲ್ಲ, ಗಂಡನನ್ನು.