ಅಜ್ಜಿ ಮೆಚ್ಚಿದ ವಿಮಾ ಕಂಪನಿ

ನ್ಯೂಜೆರ್ಸಿಯಲ್ಲಿ ಹದಿನೇಳರ ಗಂಡುಹುಡುಗನಿರುವ ಯಾವ ಕನ್ನಡದ ಮನೆಗಾದರೂ ಹೋಗಿ ನೋಡಿ, ಕಾಫಿ ಬರುವಷ್ಟರಲ್ಲಿ ಮಾತು ಕಾರಿನ ಇನ್ಶೂರೆನ್ಸಿಗೆ ಬಂದಿರುತ್ತದೆ. ಮೊದಲು ಇದೇ ಸೋಫಾಗಳ ಮೇಲೆ ಗ್ರೀನ್ ಕಾರ್ಡ್ ಯಾವಾಗ ಬರುತ್ತೆ ಅಂತ ಮಾತಾಡಿಕೊಳ್ಳುತ್ತಿದ್ದೆವು. ಅದು ಬರಲಿ ಬಿಡಲಿ, ಮಗನಿಗೆ ಹದಿನೇಳು ಮಾತ್ರ ತಪ್ಪದೆ ಬರುತ್ತದೆ.

ನಮ್ಮ ಮನೆಗೂ ಬಂತು. 9,000 ಡಾಲರಿನ ಹಳೇ ಕಾರಿಗೆ ವರ್ಷಕ್ಕೆ 4,000 ಚಿಲ್ಲರೆ ವಿಮೆ ಎಂದು ಫೋನಿನ ಆ ತುದಿಯ ಹೆಣ್ಣುಮಗಳು ಇಂಪಾಗಿ ಹೇಳಿದಳು. "ಎರಡು ವರ್ಷ ಕಟ್ಟೋ ದುಡ್ಡಿಗೆ ಇನ್ನೊಂದು ಕಾರೇ ಬರುತ್ತಲ್ಲೋ" ಎಂದರು ಅಮ್ಮ. ಹಾಸನದಿಂದ ಆರು ತಿಂಗಳ ಮಟ್ಟಿಗೆ ಬಂದಿರುವ ಅಮ್ಮನಿಗೆ ನಾವಿರುವ ಎಡಿಸನ್ನಿನ ಚಳಿಯಲ್ಲಿ ಅಂಗಳಕ್ಕಿಳಿಯುವಂತಿಲ್ಲ; ನಾನು ಸ್ಪೀಕರಿನಲ್ಲಿ ಹಾಕುವ ಫೋನುಗಳೇ ಅವರ ಧಾರಾವಾಹಿ. ಅರ್ಥವಾಗದ್ದನ್ನು ನಾನು ಕನ್ನಡದಲ್ಲಿ ಹೇಳಬೇಕು. ಹೇಳುತ್ತಾ ಹೋದಂತೆ ಅವರ ಮುಖ ಅರಳುತ್ತಾ ಹೋಯಿತು. ಮೂವತ್ತು ವರ್ಷ ನನಗೆ ಬಡಿದು ಬಡಿದು ಹೇಳಿದ್ದನ್ನೆಲ್ಲ ಅಮೆರಿಕದವರು ಒಂದೊಂದಾಗಿ ಒಪ್ಪಿಕೊಳ್ಳುತ್ತಿದ್ದರು.

ಮೊದಲು ರಾಜ್ಯದ ಕಾನೂನು. ಹದಿನೇಳಕ್ಕೆ ಸಿಗುವುದು ಪ್ರೊಬೇಷನರಿ ಲೈಸೆನ್ಸು. ರಾತ್ರಿ ಹನ್ನೊಂದು ದಾಟಿದರೆ ಬೆಳಗಿನ ಐದರ ತನಕ ಗಾಡಿ ಮುಟ್ಟುವಂತಿಲ್ಲ. "ಹನ್ನೊಂದು ಯಾಕೆ, ಒಂಬತ್ತು ಮಾಡಬಹುದಿತ್ತು" ಎಂದದ್ದು ಬಿಟ್ಟರೆ ಅಮ್ಮನ ಆಕ್ಷೇಪವಿರಲಿಲ್ಲ. ಅಪ್ಪ ಅಮ್ಮ ಜೊತೆಗಿಲ್ಲದಿದ್ದರೆ ಪಕ್ಕದಲ್ಲಿ ಒಬ್ಬನೇ ಒಬ್ಬ. "ನಿಮ್ಮನ್ನ ಬ್ರಿಜ್‌ವಾಟರ್ ದೇವಸ್ಥಾನಕ್ಕೆ ಕರ್ಕೊಂಡು ಹೋದರೆ ಕೋಟಾ ಮುಗೀತು, ಫ್ರೆಂಡ್ ಹತ್ತೋ ಹಾಗಿಲ್ಲ" ಎಂದು ಮೊಮ್ಮಗ ಗೊಣಗಿದ. ಕಾನೂನು ಬರೆದವರಿಗೆ ಅಮ್ಮ ಕೂತಲ್ಲಿಂದಲೇ ಕೈಮುಗಿದರು. ಇದರ ಮೇಲೆ, 2010ರ ಮೇ ತಿಂಗಳಿಂದ, ಇಂಥ ಹುಡುಗರ ಕಾರಿನ ನಂಬರ್ ಪ್ಲೇಟಿಗೆ ಹಿಂದೊಂದು ಮುಂದೊಂದು ಕೆಂಪು ಸ್ಟಿಕ್ಕರು ಅಂಟಿಸಬೇಕು; ಜೋಡಿಗೆ ಸುಮಾರು 4 ಡಾಲರು. "ಕುಂಕುಮ ಸರ್ಕಾರದೋರೇ ಇಟ್ಟುಕೊಡ್ತಾರೇನೋ?"

ಆಮೇಲೆ ಕಂಪನಿಯ ವಿಚಾರಣೆ. ಹುಡುಗನ ಗ್ರೇಡು ಎಷ್ಟು ಎಂದಳು ಆಕೆ. ನಾನು ತಪ್ಪು ಕೇಳಿಸಿಕೊಂಡೆನೇನೋ ಎಂದುಕೊಂಡೆ. ಹೌದಂತೆ, ಸರಾಸರಿ 'ಬಿ' ಇದ್ದರೂ ರಿಯಾಯಿತಿಯಂತೆ. ನಮ್ಮ ಮನೆಯಲ್ಲಿ 'ಬಿ' ಬಂದರೆ ಸಿಗುವುದೇ ಬೇರೆ, ಅದು ಆಕೆಗೆ ಗೊತ್ತಿಲ್ಲ ಪಾಪ. ಕನ್ನಡದ ಅಪ್ಪಂದಿರು ತಲೆಮಾರುಗಳಿಂದ ಮಾರ್ಕ್ಸಿಗೆ ಬೆಲೆಯಿದೆ ಎಂದು ಹೇಳಿಕೊಂಡು ಬಂದಿದ್ದೇವೆ. ಎಷ್ಟು ಬೆಲೆ ಎಂದು ಡಾಲರುಗಳಲ್ಲಿ ಲೆಕ್ಕ ಕೊಟ್ಟವಳು ಇವಳೇ. ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೂ ಕಳಿಸಲೇ ಎಂದು ಕೇಳುವಷ್ಟು ಉತ್ಸಾಹ ಬಂದಿತ್ತು. ಹೆಂಡತಿ ಕಣ್ಣು ಬಿಟ್ಟದ್ದರಿಂದ ಸುಮ್ಮನಾದೆ.

ಇನ್ನು ಯಾವ ಕಾರು? ಮಗನ ಮನಸ್ಸಿನಲ್ಲಿದ್ದದ್ದು ಕಪ್ಪು ಮಸ್ಟಾಂಗ್. ಕೆಂಪಾದರೆ ಪ್ರೀಮಿಯಂ ಜಾಸ್ತಿ, ಅದಕ್ಕೇ ಕಪ್ಪು ಎಂದು ದೊಡ್ಡ ಉಳಿತಾಯ ಮಾಡಿದವನ ಹಾಗೆ ಹೇಳಿದ. ಕಂಪನಿಯವರು ಬಣ್ಣವನ್ನೇ ಕೇಳಲಿಲ್ಲ. ಅವರು ನೋಡುವುದು ಹದಿನೇಳು ಅಂಕಿ-ಅಕ್ಷರಗಳ ವಿನ್ ನಂಬರನ್ನು. ಅದರಲ್ಲಿ ಎಂಜಿನ್ನಿನ ಜಾತಕವೆಲ್ಲ ಇರುತ್ತದೆ, ಬಣ್ಣ ಇರುವುದಿಲ್ಲ. ಮಸ್ಟಾಂಗಿಗೆ ಹೇಳಿದ ಮೊತ್ತ ಕೇಳಿ ಮಗನೇ ಫೋನ್ ಇಟ್ಟುಬಿಡಿ ಎಂದು ಸನ್ನೆ ಮಾಡಿದ.

ನನ್ನ ಯೋಜನೆ ಬೇರೆ ಇತ್ತು. 2005ರದ್ದೊಂದು ಡಬ್ಬ ತಗೊಂಡು, ಗುದ್ದಿದರೆ ಗುದ್ದಲಿ ಎಂದು ನಮ್ಮ ಕಾರಿನ ನಷ್ಟ ತುಂಬುವ ಕೊಲಿಶನ್ ವಿಮೆಯನ್ನೇ ಕೈಬಿಟ್ಟು, ಕಾನೂನಿಗೆ ಕಡ್ಡಾಯವಾದಷ್ಟನ್ನೇ ಕಟ್ಟುವುದು. ಲೆಕ್ಕಕ್ಕೆ ಸರಿಯೇ. ಆದರೆ ಗಾಡಿ ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲು ಇಲ್ಲಿ ಕಡ್ಡಾಯವಾದದ್ದು 2012ರ ಮಾಡೆಲಿನಿಂದ, ಹಿಮದಲ್ಲಿ ಮಗನನ್ನು ಡಬ್ಬದಲ್ಲಿ ಕಳಿಸಲ್ಲ ಎಂದಳು ಹೆಂಡತಿ. ಗೆಳೆಯರೊಬ್ಬರು ಕಿಯಾ ಹೇಳಿದರು. ಆದರೆ ಕೀಲಿ ಇಲ್ಲದೆ ಎಂಜಿನ್ ಹೊತ್ತದಂತೆ ತಡೆಯುವ ಸಾಧನ ಹಿಂದಿನ ದಶಕದ ಅನೇಕ ಕಿಯಾ, ಹ್ಯುಂಡೈಗಳಲ್ಲಿರಲಿಲ್ಲ. ಹುಡುಗರು ಯುಎಸ್‌ಬಿ ಕೇಬಲಿನ ತುದಿಯಿಂದ ತಿರುಗಿಸಿ ಕದಿಯುವುದನ್ನು ವಿಡಿಯೋ ಮಾಡಿ ಹಬ್ಬಿಸಿದ ಮೇಲೆ ಕೆಲವು ಊರುಗಳಲ್ಲಿ ಅವಕ್ಕೆ ವಿಮೆ ಸಿಗುವುದೇ ಕಷ್ಟವಾಯಿತು. ಕೊನೆಗೆ ಉಳಿದದ್ದು ಮರಳಿನ ಬಣ್ಣದ 2014ರ ಕ್ಯಾಮ್ರಿ. ಹಿಂದಿನ ಮಾಲೀಕರು ನಿವೃತ್ತ ಅಕೌಂಟೆಂಟ್, ಸೀಟಿಗೆ ಇನ್ನೂ ಪ್ಲಾಸ್ಟಿಕ್ ಇತ್ತು. ಕಂಪನಿಯ ಕಣ್ಣಿಗೆ ಇದಕ್ಕಿಂತ ಸುಲಕ್ಷಣವಾದ ವರ ಇಲ್ಲ. ಮಗನ ಹೆಸರಲ್ಲಿ ಬೇರೆ ಪಾಲಿಸಿ ಮಾಡದೆ ನಮ್ಮದಕ್ಕೇ ಸೇರಿಸಿ ಎಂಬ ಸಲಹೆಯೂ ಬಂತು, ಹಾಗೆ ಮಾಡಿದರೆ ಬಹಳ ಅಗ್ಗ. "ಕೂಡು ಕುಟುಂಬ" ಎಂದರು ಅಮ್ಮ, ಬೇರೇನೂ ಹೇಳಲಿಲ್ಲ.

ಇನ್ನೂ ಇಳಿಸಬೇಕೆ? ಫೋನಿಗೆ ಒಂದು ಆ್ಯಪ್ ಹಾಕಿಕೊಳ್ಳಿ ಎಂದಳಾಕೆ. ಗಕ್ಕನೆ ಬ್ರೇಕ್ ಒತ್ತಿದ್ದು, ರಾತ್ರಿ ಸುತ್ತಿದ್ದು, ಓಡಿಸುತ್ತಾ ಫೋನ್ ಮುಟ್ಟಿದ್ದು ಎಲ್ಲ ಬರೆದಿಡುತ್ತದಂತೆ. ಹಾಸನದ ನಮ್ಮ ಬೀದಿಯಲ್ಲಿ ಈ ಕೆಲಸವನ್ನು ಎದುರುಮನೆಯವರು ಪುಕ್ಕಟೆ ಮಾಡುತ್ತಿದ್ದರು. ಬಹುಪಾಲು ರಾಜ್ಯಗಳಲ್ಲಿ ಮದುವೆಯಾದವರಿಗೆ ಪ್ರೀಮಿಯಂ ಕಡಿಮೆ ಎಂಬುದೂ ಮಾತಿನ ಮಧ್ಯೆ ಬಂತು. ನಾನು ಅದನ್ನು ಕನ್ನಡಕ್ಕೆ ತರಬಾರದಿತ್ತೇನೋ. "ಎಷ್ಟು ಕಡಿಮೆ?" ಎಂದು ಅಮ್ಮ ಮುಂದಕ್ಕೆ ಬಾಗಿದರು. ಮಗ ಆ ದಿನ ಮೊದಲ ಸಲ ಕಿವಿಯಿಂದ ಇಯರ್‌ಫೋನ್ ತೆಗೆದ.

ಅಮ್ಮನಿಗೂ ಕಂಪನಿಗೂ ತಾಳ ತಪ್ಪಿದ್ದು ಒಂದೇ ಕಡೆ. ಹುಡುಗ ನೂರು ಮೈಲಿಗಿಂತ ದೂರದ ಕಾಲೇಜಿಗೆ ಸೇರಿ, ಕಾರನ್ನು ಮನೆಯಲ್ಲೇ ಬಿಟ್ಟುಹೋದರೆ ಇನ್ನೊಂದು ರಿಯಾಯಿತಿ ಇದೆಯಂತೆ. ಮನೆ ಪಕ್ಕದಲ್ಲೇ ರಟ್ಗರ್ಸ್ ಯೂನಿವರ್ಸಿಟಿ ಇರುವಾಗ ಮಗುವನ್ನು ದೂರ ಕಳಿಸಿದ್ದಕ್ಕೆ ದುಡ್ಡು ಕೊಡೋ ಇವರೆಂಥ ಜನ ಎಂದು ಅಮ್ಮ ಒಳಗೆ ಎದ್ದುಹೋದರು. ನಾನು ಕ್ಯಾಲ್ಕ್ಯುಲೇಟರ್ ತೆಗೆದೆ.

"ದೂರ ಹೋಗಿ, ಕಾರೂ ತಗೊಂಡು ಹೋಗಬಾರದು ಅಂದರೆ ಈಗ ಕೊಳ್ಳೋದು ಯಾರಿಗೆ?" ಎಂದ ಮಗ.

"ನನಗೆ" ಎಂದಳು ಹೆಂಡತಿ. ಕ್ಯಾಮ್ರಿಯ ಪ್ಲಾಸ್ಟಿಕ್ಕನ್ನು ಅವಳು ಆಗಲೇ ಬಿಚ್ಚಿಸಿದ್ದಳು.